ಜಂತಾಸುರನಿಗೆ ಒನ್ಸ್ ಮೋರ್

ಪುಟ್ಟೇನಹಳ್ಳಿ, ಯಲಹಂಕ
12 ಜನವರಿ 2015

ಸೊಸೆ ರಾಧಾಮಣಿಗೆ,

ನಿನ್ನ ಸೋದರಮಾವ ಬ್ಯಾಟರಾಯಪ್ಪನ ಆಶೀರ್ವಾದ. ನಾನು ಕ್ಷೇಮ. ನಿಮ್ಮತ್ತೆ ಮುನಿಕೆಂಪಮ್ಮನೂ ಕ್ಷೇಮ, ಅವಳ ಬಾಯಿ ಅವಳಿಗಿಂತ ಕ್ಷೇಮ. ಅರುಣಾಚಲ ಪ್ರದೇಶದ ಆ ಬೆಟ್ಟದ ಆಸ್ಪತ್ರೆಯಲ್ಲಿ ಫೋನು ಸಿಗಲ್ಲ ಅಂತ ನೀನು ಹೇಳಿ ಹೋದಾಗ ಎಲ್ಲರೂ ಅತ್ತರು. ನಂಗೆ ಮಾತ್ರ ಒಳಗೊಳಗೇ ಖುಷಿ. ಫೋನಿನಲ್ಲಾದ್ರೆ ನೀನು ನಡುವೆ ಬಾಯಿ ಹಾಕ್ತೀಯ. ಕಾಗದದಲ್ಲಿ ನಾನು ಹೇಳಿದ್ದೇ ಹೇಳಿದ್ದು.

ವಿಷಯಕ್ಕೆ ಬರ್ತೀನಿ. ನೀನು ಬರೋವರೆಗೂ ನಡೆಸಿ ಅಂತ ನನ್ನ ಕೈಗೆ ಒಪ್ಪಿಸಿ ಹೋದ ನಿನ್ನ ನಾಟಕ ಮೊನ್ನೆ ಕೆರೆ ಪಕ್ಕದ ಶಾಲೆಯಲ್ಲಿ ಆಯ್ತು. ಆಯ್ತು ಅಂದ್ರೆ ಸಾಲದು ಕಣಮ್ಮ, ಇತಿಹಾಸ ಆಯ್ತು. ಮೊದಲು ನಿನ್ನ ‘ಹೊಟ್ಟೆಯೊಳಗಿನ ಬಾಡಿಗೆದಾರ’ ಪುಸ್ತಕವನ್ನ ಹೆಡ್ ಮೇಡಂ ವರಲಕ್ಷ್ಮಮ್ಮನವರು ಮಕ್ಕಳಿಗೆ ಓದಿದರು. ಪಾಪ, ಚೆನ್ನಾಗೇ ಓದಿದರು. ಆದ್ರೆ ಅವರು ಓದುವಾಗ ಎರಡು ಮಕ್ಕಳು ಆಕಳಿಸಿದ್ದನ್ನ ನಾನು ಕಣ್ಣಾರೆ ನೋಡಿದೆ. ಆಮೇಲೆ ಜಂತಾಸುರನಾಗಿ ನಾನು ಹೊಕ್ಕೆ. ಕಿರೀಟ, ಭುಜಕೀರ್ತಿ, ಗದೆ, ಎಲ್ಲಾ ನಮ್ಮೂರ ನಾಟಕಕ್ಕೆ ಡ್ರೆಸ್ಸು ಬಾಡಿಗೆ ಕೊಡೋನ ಹತ್ತಿರ ತಂದಿದ್ದು. ಜಂತುಹುಳುವಿಗೆ ಕಿರೀಟ ಯಾಕೆ ಅಂತ ನಿನ್ನ ಕ್ಲಿನಿಕ್ಕಿನ ಕಾಂಪೌಂಡರ್ ಅನ್ವರ್ ಕೇಳ್ದ. "ಮಗಾ, ನಲವತ್ತು ವರ್ಷ ರಾಕ್ಷಸನ ಪಾರ್ಟು ಮಾಡಿದೋನು ನಾನು. ಬರೀ ತಲೇಲಿ ಯಾವ ರಾಕ್ಷಸನೂ ಸ್ಟೇಜಿಗೆ ಬರಲ್ಲ" ಅಂದೆ. ಅವನು ಬಾಯಿ ಮುಚ್ಚಿಕೊಂಡು ರಟ್ಟಿನ ಮಾತ್ರೆಯೊಳಗೆ ತೂರಿಕೊಂಡ. ಗುಂಡಗೆ, ಬೆಳ್ಳಗೆ, ಇಡ್ಲಿ ಥರ ಕಾಣ್ತಿದ್ದ.

ನೀನು ಬರೆದುಕೊಟ್ಟ ಮಾತಿನಲ್ಲಿ ಒಂದಕ್ಷರ ಬದಲಾಯಿಸಿಲ್ಲ. ಮೂರು ಹಾಡು ಸೇರಿಸಿದ್ದೀನಿ. ಹಾಡು ಸೇರಿಸೋದು ಬದಲಾವಣೆ ಅಲ್ಲ. ಒಂದು ನೋಡು:

ಕೈ ತೊಳೆಯದವನೇ ನನ್ನ ಮಾವ,
ಬರಿಗಾಲ್ ಹುಡುಗನೇ ನನ್ನ ಭಾವ,
ಬಾಡಿಗೆಯಿಲ್ಲ, ಅಡ್ವಾನ್ಸಿಲ್ಲ,
ನಿನ್ನ ಹೊಟ್ಟೆಯೇ ನನ್ನ ಬಂಗ್ಲೆ!

ಕೊನೆಗೆ ಅನ್ವರ್ ಬಂದು ಮೈಮೇಲೆ ಬಿದ್ದ. ನಾನು ಸತ್ತೆ. ಹೆಂಗೆ ಸತ್ತೆ ಗೊತ್ತಾ? ಧೂಳೆದ್ದು ಮುಂದಿನ ಸಾಲು ಕೆಮ್ತು. ಮಕ್ಕಳೆಲ್ಲ ಎದ್ದು ನಿಂತು "ಒನ್ಸ್ ಮೋರ್! ಒನ್ಸ್ ಮೋರ್!" ನಮ್ಮೂರ ನಾಟಕದ ಪದ್ಧತಿ ನಿಂಗೂ ಗೊತ್ತು. ಜನ ಒನ್ಸ್ ಮೋರ್ ಅಂದ್ರೆ ಸತ್ತೋನೂ ಏಳಬೇಕು, ಹಾಡಬೇಕು, ಮತ್ತೆ ಸಾಯಬೇಕು. ಏಳದೇ ಹೋದ್ರೆ ಅದು ಜನಕ್ಕೆ ಮಾಡೋ ಅವಮಾನ. ಎದ್ದೆ. ಒಂದ್ಸಲ ಅಲ್ಲ, ಮೂರ್ಸಲ. ಮೂರನೇ ಸಲ ಹಾಡಿದಾಗ ಅನ್ವರ್‌ಗೇ ಚಪ್ಪಾಳೆ ತಟ್ಟಬೇಕು ಅನ್ನಿಸ್ತಂತೆ, ಆದ್ರೆ ಮಾತ್ರೆಗೆ ಕೈ ಇರಲಿಲ್ಲ.

ಬರೋ ತಿಂಗಳು ಹತ್ತನೇ ತಾರೀಕು ಶಾಲೆಯಲ್ಲಿ ಎಲ್ಲಾ ಮಕ್ಕಳಿಗೂ ಹುಳದ ಮಾತ್ರೆ ಕೊಡ್ತಾರೆ. ನಾಟಕ ನೋಡಿದ ಮಕ್ಕಳು ಮಾತ್ರೆಗೆ ಮುಗಿಬೀಳ್ತಾರೆ ಬಿಡು. ನೀನು ನಿಶ್ಚಿಂತೆಯಾಗಿರು.

ಇಂತಿ ನಿನ್ನ ಮಾವ,
ಬ್ಯಾಟರಾಯಪ್ಪ


ಬೆಟ್ಟದ ಆಸ್ಪತ್ರೆ, ಅರುಣಾಚಲ
26 ಜನವರಿ 2015

ಪ್ರೀತಿಯ ಮಾವನಿಗೆ,

ನಿಮ್ಮ ಕಾಗದ ಮೊನ್ನೆ ಬಂತು. ಮೂರು ಸಲ ಓದಿದೆ, ಮೂರು ಸಲವೂ ನಕ್ಕೆ. ಇಡ್ಲಿಯಂತೆ ಕಂಡ ಅನ್ವರ್‌ಗೆ ನನ್ನ ಸಲಾಂ ತಿಳಿಸಿ.

ಹಾಡು ಚೆನ್ನಾಗಿದೆ. ನಿಮ್ಮ ಜೊತೆ ಜಗಳ ಆಡುವ ಆಸೆಯಿತ್ತು, ಆದರೆ "ಬರಿಗಾಲ್ ಹುಡುಗ" ಎಂದು ಸೇರಿಸಿದ್ದೀರಲ್ಲ, ಅಲ್ಲಿ ಸೋತೆ. ಹುಳ ಬರಿಗಾಲಿನಿಂದಲೂ ಒಳಗೆ ಹೋಗುತ್ತದೆ, ಅದು ನನ್ನ ಪುಸ್ತಕದಲ್ಲೇ ಇರಬೇಕಿತ್ತು.

ಸತ್ತು ಮೂರು ಸಲ ಎದ್ದೆ ಎಂದು ಬರೆದಿದ್ದೀರಿ. ನಿಮ್ಮ ಬಡಾಯಿಯಲ್ಲಿ ಮುಕ್ಕಾಲು ಪಾಲು ಕಳೆದು ಓದುವುದು ನನಗೆ ಚಿಕ್ಕಂದಿನಿಂದಲೂ ಅಭ್ಯಾಸ. ಆದ್ದರಿಂದ ಒಂದು ಸಲವೂ ಎದ್ದಿಲ್ಲ ಎಂದೇ ತಿಳಿದುಕೊಂಡೆ. ಹೆಡ್ ಮೇಡಂ ಕೂಡ ಬಿಟ್ಟಿರಲಾರರು.

ಒಂದು ಕೆಲಸ ನಿಮ್ಮ ಮೇಲಿದೆ. ಶಾಲೆಯ ಗೇಟಿನ ಹತ್ತಿರ ಎಲಚಿಹಣ್ಣು, ನೆಲ್ಲಿಕಾಯಿ ಮಾರುವ ಕುಲ್ಸುಮ್ ಗೊತ್ತಲ್ಲ? ಅವರ ಮೊಮ್ಮಗಳು ಐಮನ್, ಮೂರನೇ ತರಗತಿ. ಬಳಪ ತಿನ್ನುತ್ತಾಳೆ, ನಾಲ್ಕು ಹೆಜ್ಜೆ ಓಡಿದರೆ ಕೂತುಬಿಡುತ್ತಾಳೆ. ರಕ್ತ ಕಡಿಮೆ, ಹೊಟ್ಟೆಯಲ್ಲಿ ಹುಳ ಇರುವುದು ಖಂಡಿತ. ನಾನು ಹೊರಡುವ ಮುಂಚೆ ಮಾತ್ರೆ ಕೊಡಲು ಹೋದೆ. ಕುಲ್ಸುಮ್ ಕೈ ಅಡ್ಡ ಹಿಡಿದರು. "ನಮ್ದು ಒಂದೇ ಮಗು ತಿನ್ನೋದು ಬೇಡ ಡಾಕ್ಟರಮ್ಮ. ಶಾಲೇಲಿ ಎಲ್ಲಾ ಮಕ್ಳೂ ತಿಂದ್ರೆ ತಿನ್ಲಿ" ಎಂದರು. ಅವರ ಮಾತಿನಲ್ಲಿ ತಪ್ಪೇನಿಲ್ಲ. ಹಾಗಾಗಿ ಹತ್ತನೇ ತಾರೀಕು ಅವಳಿಗೆ ಬಹಳ ಮುಖ್ಯ. ಅವಳು ಅಗಿದು ನುಂಗಿದ್ದನ್ನು ನೀವು ನೋಡಿ ನನಗೆ ಬರೆಯಬೇಕು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಮಕ್ಕಳು ಸದಾ ಸುತ್ತ ಮುತ್ತಿಕೊಂಡಿರುತ್ತಾರೆ, ಕಥೆ ಹೇಳಿ ಹೇಳಿ ನನ್ನ ಗಂಟಲೇ ಕಟ್ಟಿದೆ. ಅತ್ತೆಗೆ ನಮಸ್ಕಾರ.

ನಿಮ್ಮ ರಾಧಾ


ಪುಟ್ಟೇನಹಳ್ಳಿ
10 ಫೆಬ್ರವರಿ 2015, ಸಂಜೆ

ರಾಧಾ,

ನಿನ್ನ ಕಾಗದ ಇವತ್ತೇ ಬಂತು. ಸ್ವಲ್ಪ ಬೇಗ ಬರಬಾರದಿತ್ತಾ ಅನ್ನಿಸ್ತು. ಅಂಚೆಯವರನ್ನ ಬೈಯೋದು ಬೇಡ, ಹೋಗ್ಲಿ.

ಇಲ್ಲಿ ಏರ್ ಶೋ ತಯಾರಿ ಜೋರಾಗಿದೆ. ವಿಮಾನಗಳು ಹೆಂಚು ಹಾರಿಸೋ ಹಾಗೆ ತಲೆ ಮೇಲೆ ಹೋಗ್ತಾವೆ. ಮಾಂಸಕ್ಕೆ ಹದ್ದು ಬಂದು ವಿಮಾನಕ್ಕೆ ಅಡ್ಡ ಸಿಗ್ತಾವೆ ಅಂತ ಕೋಳಿ ಅಂಗಡಿ, ಮಟನ್ ಅಂಗಡಿ ಎಲ್ಲಾ ಮುಚ್ಚಿಸಿದ್ದಾರೆ. ನಿಮ್ಮತ್ತೆ ದಿನಾ ಸೊಪ್ಪಿನ ಸಾರು ಮಾಡ್ತಾಳೆ. ಸೊಪ್ಪು ಒಳ್ಳೇದು ಅಂತ ನೀನೇ ನಿನ್ನ ಪುಸ್ತಕದಲ್ಲಿ ಬರೆದಿದ್ದೀಯಂತೆ, ತೋರಿಸ್ತಾಳೆ.

ಮಾತ್ರೆ ಕೊಟ್ಟರು. ಎಲ್ಲಾ ಮಕ್ಕಳ ಕೈಗೂ ಕೊಟ್ಟರು. ಐಮನ್ ಕೈಗೂ ಕೊಟ್ಟಿದ್ದನ್ನ ನಾನೇ ನೋಡಿದೆ.

ಒಂದು ಮಾತು ಕೇಳಬೇಕಿತ್ತು. ನನ್ನ ಪರಿಚಯದವನೊಬ್ಬ, ಹುಣಸಮಾರನಹಳ್ಳಿ ಕಡೆಯೋನು, ನಾಟಕ ಆಡಿಸ್ತಾನೆ. ಆ ನಾಟಕ ನೋಡಿದ ಜನ ಒಂದು ಅರ್ಥ ಮಾಡ್ಕೊಳ್ಳೋ ಬದಲು ಇನ್ನೊಂದು ಅರ್ಥ ಮಾಡ್ಕೊಂಡುಬಿಟ್ರಂತೆ. ಅಂಥ ಹೊತ್ತಲ್ಲಿ ಓದಿದವರು ಏನು ಮಾಡ್ತಾರೆ? ಅವನು ಕೇಳು ಅಂದ, ಕೇಳಿದೆ.

ಬ್ಯಾಟರಾಯಪ್ಪ


ಪುಟ್ಟೇನಹಳ್ಳಿ
11 ಫೆಬ್ರವರಿ 2015

ರಾಧಾ,

ನಿನ್ನೆಯ ಕಾಗದ ನಂಬಬೇಡ. ಹುಣಸಮಾರನಹಳ್ಳಿ ಕಡೆಯೋನು ಅಂತ ಯಾರೂ ಇಲ್ಲ.

ನೀನು ಮುಕ್ಕಾಲು ಪಾಲು ಕಳೆದು ಓದ್ತೀನಿ ಅಂದೆ. ಆಯುಷ್ಯದಲ್ಲಿ ಒಂದೇ ಒಂದು ಸಲ ನಾನು ಪೂರ್ತಿ ನಿಜ ಬರೆದಿದ್ದೆ, ಅದನ್ನೇ ನೀನು ಕಳೆದುಬಿಟ್ಟೆ ಕಣಮ್ಮ. ನಾನು ಮೂರು ಸಲ ಎದ್ದಿದ್ದು ನಿಜ.

ನಿನ್ನೆ ಮಧ್ಯಾಹ್ನ ಊಟ ಆದ ಮೇಲೆ ಮಕ್ಕಳನ್ನ ಸಾಲಾಗಿ ಕೂರಿಸಿ ಮಾತ್ರೆ ಕೊಟ್ಟರು. ನನಗೆ ಸನ್ಮಾನ ಮಾಡ್ತಾರೆ ಅಂತ ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿದ್ದೆ. ಶಾಲು ಮರೆತುಬಿಟ್ಟರೆ ಅಂತ ಅದನ್ನೂ ನಾನೇ ಒಯ್ದಿದ್ದೆ. ನೋಡಿದ್ರೆ ಒಂದು ಮಗುವೂ ಬಾಯಿ ಬಿಡ್ತಿಲ್ಲ. ಮೇಡಂ ಮೊದಲು ಮುದ್ದು ಮಾಡಿದರು, ಆಮೇಲೆ ಗದರಿದರು. ಕೊನೆಗೆ ಯಾಕೆ ತಿನ್ನಲ್ಲ ಅಂತ ಕೇಳಿದರು. ಎದ್ದು ನಿಂತಿದ್ದು ಯಾರು ಅಂತೀಯ? ಐಮನ್.

"ತಿಂದ್ರೆ ಏನ್ ಪ್ರಯೋಜನ ಮಿಸ್? ಮಾತ್ರೆ ಬಿದ್ರೂ ಅವ್ನು ಏಳ್ತಾನೆ. ಮೂರ್ ಸಲ ಎದ್ದ. ನಾವೇ ನೋಡಿದ್ವಲ್ಲ."

ಹಿಂದಿನಿಂದ ಇನ್ನೊಬ್ಬಳು, "ಎದ್ದು ಇನ್ನೂ ಜೋರಾಗಿ ಹಾಡ್ತಾನೆ ಮಿಸ್. ಹೊಟ್ಟೆ ಒಳಗೆ ಹಾಡಿದ್ರೆ ನಂಗೆ ಭಯ."

ವರಲಕ್ಷ್ಮಮ್ಮನವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಶಾಲನ್ನ ಬೆನ್ನ ಹಿಂದೆ ಮುಚ್ಚಿಟ್ಕೊಂಡೆ. "ಬ್ಯಾಟರಾಯಪ್ಪನವರೇ, ಇದು ನಿಮ್ಮ ನಾಟಕದ ಫಲ. ಬಿಟ್ಟುಹೋದವರಿಗೆ ಶನಿವಾರ ಇನ್ನೊಂದು ಸಲ ಕೊಡ್ತೀವಿ. ಇಲ್ಲಿ ಎಲ್ಲರೂ ಬಿಟ್ಟುಹೋದವರೇ ಆಗಿದ್ದಾರೆ. ಅವತ್ತೂ ತಿನ್ನದೇ ಹೋದ್ರೆ ಈ ಗೇಟಿನೊಳಗೆ ಇನ್ನು ನಾಟಕ ಇಲ್ಲ. ಡಾಕ್ಟರಮ್ಮ ವಾಪಸ್ ಬಂದ್ರೂ ಇಲ್ಲ" ಅಂದರು.

ಗೇಟಿನ ಹತ್ತಿರ ಕುಲ್ಸುಮ್ ಕಾಯ್ತಿದ್ದಳು. "ಏನ್ ಸಾಹೇಬ್ರೇ, ಯಾರೂ ತಿಂದಿಲ್ವಂತೆ. ನಾನ್ ಹೆಂಗೆ ಕೊಡ್ಲಿ ಈಗ ನಮ್ ಮಗೂಗೆ?" ಬೈದಿದ್ರೆ ತಿರುಗಿಸಿ ಬೈಬಹುದಿತ್ತು. ಅವಳು ಕೇಳಿದಳು ಅಷ್ಟೆ. ಐಮನ್ ಅವಳ ಬುಟ್ಟಿ ಪಕ್ಕ ಕೂತು ಬಳಪ ಕಡೀತಿದ್ದಳು.

ಮನೆಗೆ ಬಂದು ನಿಮ್ಮತ್ತೆ ಹತ್ತಿರ ಹೇಳಿಕೊಂಡೆ. ಸಮಾಧಾನ ಮಾಡ್ತಾಳೆ ಅಂದ್ಕೊಂಡಿದ್ದು ನನ್ನ ತಪ್ಪು. "ನಲ್ವತ್ ವರ್ಸ ಇಂಗೇ ಸತ್ತು ಸತ್ತು ಎದ್ರಿ. ಒಂದ್ ದಿನ ನೆಟ್ಟಗೆ ಸಾಯಕ್ಕಾಗಲ್ವಾ ನಿಮ್ಗೆ?" ಅಂದಳು. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಗಂಡನಿಗೆ ಸಾಯಿ ಅಂದು, ಅದು ಒಳ್ಳೇ ಸಲಹೆಯೂ ಆಗಿದ್ದು ಇದೇ ಮೊದಲು.

ನೀನು ಉತ್ತರ ಬರೆಯೋ ಹೊತ್ತಿಗೆ ಶನಿವಾರ ಎಂದೋ ಕಳೆದಿರುತ್ತೆ, ಗೊತ್ತು. ಆದ್ರೂ ಕೇಳ್ತೀನಿ. ಏನು ಮಾಡ್ಲಿ ರಾಧಾ? ನಿನ್ನ ಕೆಲಸ ಹಾಳಾದ್ರೆ ನಾನು ಯಾವ ಮುಖ ಇಟ್ಕೊಂಡು ನಿಂಗೆ ಆಶೀರ್ವಾದ ಬರೀಲಿ?

ನಿನ್ನ ಮಾವ


ಪುಟ್ಟೇನಹಳ್ಳಿ
15 ಫೆಬ್ರವರಿ 2015, ಭಾನುವಾರ

ನನ್ನ ಬಂಗಾರದಂಥ ಸೊಸೆ ರಾಧಾಮಣಿಗೆ, ಕಲಾವಿದ ಬ್ಯಾಟರಾಯಪ್ಪನ ಆಶೀರ್ವಾದ.

ಕೂತ್ಕೊಂಡು ಓದು.

ನಿನ್ನೆ ಬೆಳಿಗ್ಗೆ ಶಾಲೆಗೆ ಹೋಗಿ ಮೇಡಂ ಕಾಲು ಹಿಡಿಯೋದೊಂದು ಬಾಕಿ. "ಕೊನೇ ಸಲ ಆಡ್ತೀನಿ. ಸಾಯ್ತೀನಿ. ಏಳಲ್ಲ" ಅಂದೆ. ಅವರು ಗಡಿಯಾರ ನೋಡಿ, "ಬೇಗ ಸಾಯಿರಿ, ಶನಿವಾರ ಅರ್ಧ ದಿನ ಶಾಲೆ" ಅಂದರು. ಮಾತ್ರೆ, ನೀರು ಎಲ್ಲಾ ಮೇಜಿನ ಮೇಲೆ ಜೋಡಿಸಿಟ್ಟಿದ್ದರು.

ನಾನು ಗದೆ ಎತ್ತಿದೆ ನೋಡು, ಅದೇ ಹೊತ್ತಿಗೆ ಮೇಲೆ ನಾಲ್ಕು ವಿಮಾನ ಒಟ್ಟಿಗೆ ಬಂದವು. ಮಕ್ಕಳೆಲ್ಲ ಆಕಾಶ ನೋಡ್ಕೊಂಡು ಕೂಗಿದರು. ಇಡೀ ವಾಯುಸೇನೆ ಒಬ್ಬ ಹುಳದ ವಿರುದ್ಧ! ಅವು ಹೋಗೋವರೆಗೂ ಗದೆ ಎತ್ತಿಕೊಂಡೇ ನಿಂತಿದ್ದೆ, ತೋಳು ಈಗಲೂ ನೋಯುತ್ತೆ. ಹಾಡು ಒಂದೇ ಹಾಡಿದೆ. ಅನ್ವರ್ ಬಂದು ಬಿದ್ದ. ನಾನೂ ಬಿದ್ದೆ.

"ಒನ್ಸ್ ಮೋರ್! ಒನ್ಸ್ ಮೋರ್!"

ರಾಧಾ, ನಿಂಗೆ ಹೇಗೆ ಹೇಳ್ಲಿ. ನನ್ನ ಬಲಗಾಲು ತಾನಾಗೇ ಮಡಚಿಕೊಳ್ತು ಏಳೋದಕ್ಕೆ. ಗಂಟಲಲ್ಲಿ ಹಾಡು ಬಂದು ನಿಂತಿತ್ತು. ಹಲ್ಲು ಕಚ್ಚಿ ಮಲಗಿದೆ. ಕೂಗು ಸಣ್ಣದಾಯ್ತು. ಗೆದ್ದೆ ಅಂದ್ಕೊಂಡೆ. ಆಗ ಮುಂದಿನ ಸಾಲಿನಿಂದ ಒಂದು ಧ್ವನಿ, "ಸತ್ತಿಲ್ಲ ಕಣ್ರೋ! ಹೊಟ್ಟೆ ಅಲ್ಲಾಡ್ತಿದೆ!"

ಅಲ್ಲಾಡದೆ ಏನು ಮಾಡುತ್ತೆ? ಬೆಳಿಗ್ಗೆ ನಿಮ್ಮತ್ತೆ ಬಡಿಸಿದ ಮುದ್ದೆ ಹೊತ್ಕೊಂಡು ಮಲಗಿದೆ ಅದು. ಅನ್ವರ್ ಬಗ್ಗಿ ಕಿವಿಯಲ್ಲಿ, "ಅಣ್ಣಾ, ಉಸಿರು ಹಿಡೀರಿ" ಅಂದ. "ಎಷ್ಟೊತ್ತು ಹಿಡೀಲಿ ಮಗಾ, ನಿಜವಾಗ್ಲೂ ಹೋಗ್ಬಿಡ್ತೀನಿ" ಅಂದೆ. ಮಕ್ಕಳೆಲ್ಲ, "ಸತ್ತಿಲ್ಲ! ಸತ್ತಿಲ್ಲ!" ಮೇಡಂ ಬೆಲ್ಲಿನ ಕಡೆ ನಡೆಯೋ ಸದ್ದು ಕೇಳಿಸ್ತು. ಎಲ್ಲಾ ಮುಗೀತು ಅಂದ್ಕೊಂಡೆ.

ಯಾವ ದೇವರು ಬುದ್ಧಿ ಕೊಟ್ಟನೋ ಗೊತ್ತಿಲ್ಲ. ಯಾವ ದೇವರೂ ಅಲ್ಲ, ನನ್ನದೇ ಬುದ್ಧಿ. ಕಣ್ಣು ಮುಚ್ಚಿಕೊಂಡೇ ನರಳಿದೆ. "ಅಯ್ಯಯ್ಯೋ... ಒಂದು ಮಾತ್ರೆಗೆ ಅರ್ಧ ಪ್ರಾಣ ಹೋಯ್ತು... ಮಕ್ಕಳೇ, ನಿಮ್ಮ ದಮ್ಮಯ್ಯ! ಆ ಮೇಜಿನ ಮೇಲಿರೋದನ್ನ ಮಾತ್ರ ಯಾರೂ ತಿನ್ನಬೇಡಿ! ಒಬ್ಬೊಬ್ಬರು ತಿಂದ್ರೂ ನನ್ನದು ಒಂದೊಂದು ಮೊಳ ಕರಗಿ ಹೋಗುತ್ತೆ! ಬೇಡ್ರಪ್ಪೋ!"

ಆಮೇಲೆ ನಲ್ಲಿ ಬಿಟ್ಟ ಹಾಗೆ ಮಕ್ಕಳು ಮೇಜಿಗೆ ನುಗ್ಗಿದರು. ತಿನ್ನು ಅಂದಾಗ ತಿನ್ನದೋರು, ತಿನ್ನಬೇಡ ಅಂದ ತಕ್ಷಣ! ಮೇಡಂ, "ಸಾಲು! ಸಾಲು! ಅಗಿದು ತಿನ್ನಿ, ಹಾಗೇ ನುಂಗಬೇಡಿ!" ಅಂತ ಓಡಾಡ್ತಿದ್ದರು. ಒಂದು ಮಗು ಅಗಿದರೆ ನನ್ನ ಕೈ ಸತ್ತಿತು. ಇನ್ನೊಂದು ಅಗಿದರೆ ಕಾಲು. "ನಾನು ತಿಂದೆ, ಎಲ್ಲಿ ಸಾಯಿ!" ಅಂತ ಬಂದು ಬಂದು ನಿಲ್ಲೋರು. ಸಾಯೋದಕ್ಕೆ ಮೈಯಲ್ಲಿ ಜಾಗವೇ ಸಾಲಲಿಲ್ಲ ಕಣಮ್ಮ. ಕಿವಿ ಸತ್ತೆ, ಮೂಗು ಸತ್ತೆ, ಮೀಸೆಯ ಎಡಭಾಗ ಒಂದು ಸಲ ಬಲಭಾಗ ಒಂದು ಸಲ ಸತ್ತೆ. ಮೀಸೆಗೆ ಬಿದ್ದ ಚಪ್ಪಾಳೆ ನನ್ನ ಹಾಡಿಗೂ ಯಾವತ್ತೂ ಬಿದ್ದಿರಲಿಲ್ಲ.

ಕೊನೆಗೆ ಯಾರೋ ಬಂದು ನನ್ನ ತಲೆ ಹತ್ತಿರ ಕೂತರು. ಏದುಸಿರು ಕೇಳಿದಾಗ ಯಾರು ಅಂತ ಗೊತ್ತಾಯ್ತು. ಐಮನ್, ಕೈಯಲ್ಲಿ ಮಾತ್ರೆ. ಕಿವಿಗೆ ಬಾಯಿಟ್ಟು, "ತಾತ, ನೀವು ಸತ್ತಿಲ್ಲ ಅಂತ ನಂಗೊತ್ತು. ನಾಟ್ಕ ಇದು. ಒಳಗಿರೋನು ನಿಜ್ವಾಗ್ಲೂ ಸಾಯ್ತಾನಾ?"

ನಲವತ್ತು ವರ್ಷದಲ್ಲಿ ಹೆಣವಾಗಿದ್ದಾಗ ನಾನು ಪ್ರೇಕ್ಷಕರ ಜೊತೆ ಮಾತಾಡಿದ್ದು ಅದೊಂದೇ ಸಲ. ತುಟಿ ಅಲ್ಲಾಡಿಸದೆ ಹೇಳ್ದೆ. "ಸಾಯ್ತಾನೆ ಕಣವ್ವ. ನಾನು ಜನ ಕೂಗಿದ್ರೆ ಏಳ್ತೀನಿ. ಅವನಿಗೆ ಯಾರು ಕೂಗ್ತಾರೆ?"

ಆಮೇಲೆ ಕಟಕಟ ಅಗಿಯೋ ಸದ್ದು. ರಾಧಾ, ನಾನು ಎಂಥೆಂಥ ಹಾರ್ಮೋನಿಯಂ ಕೇಳಿದ್ದೀನಿ. ಅದರ ಮುಂದೆ ಯಾವುದೂ ಇಲ್ಲ.

ಮಕ್ಕಳು ಮನೆಗೆ ಹೋಗುವಾಗ ಮತ್ತೆ ಒನ್ಸ್ ಮೋರ್ ಕೂಗಿದರು. ಕಟ್ಟಿರುವೆ ಕಚ್ತಿದ್ರೂ ಏಳಲಿಲ್ಲ. ಕೊನೆಗೆ ಮೇಡಂ ಬಂದು, "ಏಳಿ, ಯಾರೂ ಇಲ್ಲ" ಅಂತ ಟೀ ಕೊಟ್ಟರು. "ಡಾಕ್ಟರಮ್ಮನಿಗೆ ಬರೀರಿ. ನಾಟಕ ನಡೀಲಿ" ಅಂದರು.

ಇಷ್ಟಕ್ಕೇ ಕಾಗದ ಮುಗಿಸ್ತಿದ್ದೆ. ಈಗ ಕುಲ್ಸುಮ್ ಬಾಗಿಲಿಗೆ ಬಂದಳು. ಓಡಿಬಂದಿದ್ದಳು. ಮಗೂಗೆ ಏನಾಯ್ತೋ ಅಂತ ಪೆನ್ನು ಬಿಸಾಕಿ ಎದ್ದೆ.

"ಬಿದ್ದ ಸಾಹೇಬ್ರೇ! ನಿಮ್ ಅಸುರ ಬಿದ್ದ! ಒಬ್ಬನಲ್ಲ, ಇಷ್ಟುದ್ದ ಇಷ್ಟುದ್ದ!" ಅಂತ ಮೊಣಕೈವರೆಗೂ ಅಳತೆ ತೋರಿಸಿದಳು. ಬಡಾಯಿಯಲ್ಲಿ ನನ್ನನ್ನೂ ಮೀರಿಸೋ ಹೆಂಗಸು, ನೀನು ಅರ್ಧ ಕಳೆದು ಓದ್ಕೋ. "ಮಗು ಚೆನ್ನಾಗಿದೆ, ಹಸಿವು ಅಂತ ಎರಡ್ ಸಲ ತಿಂದ್ಲು. ನಿಮಗೆ ಒಂದ್ ಮಾತು ಹೇಳು ಅಂದ್ಲು. ಕಡ್ಡೀಲಿ ತಿವಿದು ನೋಡಿದ್ಲಂತೆ. ಏಳಲಿಲ್ಲ ಅಂತೆ."

ಇಂತಿ,
ಒಂದೇ ಸಲ ಸತ್ತು ಊರು ಗೆದ್ದ ನಿನ್ನ ಮಾವ


ಬೆಟ್ಟದ ಆಸ್ಪತ್ರೆ, ಅರುಣಾಚಲ
4 ಮಾರ್ಚ್ 2015

ಮಾವ,

ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ನಿಮ್ಮ ಮೂರು ಕಾಗದಗಳೂ ಇವತ್ತು ಒಟ್ಟಿಗೆ ಬಂದವು. ತಾರೀಕು ನೋಡಿ ಜೋಡಿಸಿ ಓದಿದೆ. ಎರಡನೆಯದನ್ನು ಓದಿ ಮುಗಿಸಿದ ಮೇಲೆ ಮೂರನೆಯದನ್ನು ಒಡೆಯಲು ಕೈ ಬರಲಿಲ್ಲ. ಎದ್ದು ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಐಮನ್ ಮುಖವೇ ಕಣ್ಣ ಮುಂದೆ. ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತು ಎಂದರೆ, ಇನ್ನು ನಿಮಗೆ ಕಾಗದವೇ ಬರೆಯಬಾರದು ಎಂದುಕೊಂಡೆ. ಆಮೇಲೆ ಒಡೆದೆ.

ಮೊದಲು ಡಾಕ್ಟರ ಮಾತು ಕೇಳಿ. ಹುಳ ಬಿದ್ದರೆ ಸಾಲದು. ಐಮನ್‌ಗೆ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣಾಂಶದ ಔಷಧಿ ಶುರು ಮಾಡಬೇಕು. ಅನ್ವರ್‌ಗೆ ಬೇರೆ ಚೀಟಿ ಬರೆದು ಇದರಲ್ಲೇ ಇಟ್ಟಿದ್ದೇನೆ. ಕುಲ್ಸುಮ್ ಈಗ ಬೇಡ ಎನ್ನಲಾರರು. ಮಗುವಿಗೆ ಒಂದು ಜೊತೆ ಚಪ್ಪಲಿ ನನ್ನ ಹೆಸರಿನಲ್ಲಿ ಕೊಡಿಸಿ.

ಮುಂದಿನ ಮಾತು, ನಾನೂ ನಿಮಗೆ ಸುಳ್ಳು ಬರೆದಿದ್ದೆ. ಇಲ್ಲಿ ಯಾವ ಮಗುವೂ ನನ್ನನ್ನು ಮುತ್ತಿಕೊಂಡಿರಲಿಲ್ಲ. ಬಂದ ದಿನದಿಂದ ಬಿಳಿ ಕೋಟು ಕಂಡರೆ ಓಡುತ್ತಿದ್ದರು. ಭಾಷೆ ಬರುವುದಿಲ್ಲ, ಪುಸ್ತಕ ಬಿಚ್ಚಿದರೆ ಯಾರೂ ಬರುವುದಿಲ್ಲ. ಒಂದು ನಾಟಕವನ್ನೂ ಆಡಿಲ್ಲ. ನನಗೆ ಈ ಕೆಲಸವೇ ಬರುವುದಿಲ್ಲವೇನೋ, ಊರಿನಲ್ಲಿ ನಡೆದದ್ದು ಊರಿನವಳು ಎಂಬ ಕಾರಣಕ್ಕೇನೋ ಎಂದು ಯೋಚಿಸುತ್ತಿದ್ದೆ. ನಿಮಗೆ ಹೇಳಿದರೆ ಮುಂದಿನ ರೈಲಿಗೆ ಹತ್ತಿ ಬಂದುಬಿಡುತ್ತೀರಿ ಎಂದು ಹೇಳಲಿಲ್ಲ.

ಇವತ್ತು ನಿಮ್ಮ ಮೀಸೆ ಸತ್ತ ಜಾಗ ಓದುವಾಗ ನನಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ತಲೆ ಎತ್ತಿದರೆ ಬೇಲಿಯ ಆಚೆ ಮೂವರು ಮಕ್ಕಳು. ಡಾಕ್ಟರಿಗೆ ಏನಾಯಿತು ಎಂದು ನೋಡಲು ಬಂದಿದ್ದರು. ನಾನು ಏನೂ ಯೋಚಿಸಲಿಲ್ಲ ಮಾವ. ಕಾಗದವನ್ನು ಅಲ್ಲಿಂದಲೇ ಜೋರಾಗಿ ಓದಿದೆ, ಕನ್ನಡದಲ್ಲೇ. ನಿಮ್ಮ ನರಳಾಟ ನರಳಿದೆ, ನೆಲಕ್ಕೆ ಬಿದ್ದೆ. ಒಂದಕ್ಷರ ಅರ್ಥವಾಗದೆ ಅವರು ಬೇಲಿ ಹಿಡಿದು ನಕ್ಕರು. ಆಮೇಲೆ ಒಬ್ಬಳು ಬೇಲಿಯ ಕೆಳಗೆ ನುಸುಳಿ ಒಳಗೆ ಬಂದಳು. ಹಿಂದೆಯೇ ಉಳಿದಿಬ್ಬರೂ.

ಇದನ್ನು ಬರೆಯುವಾಗ ಅವಳು ನನ್ನ ಪಕ್ಕದಲ್ಲೇ ಕೂತಿದ್ದಾಳೆ. ನಮ್ಮ ಅಕ್ಷರಗಳ ಸುರುಳಿ ನೋಡುವುದೇ ಅವಳಿಗೆ ಆಟ. ಈಗಷ್ಟೇ ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಕೈ ಎಳೆದುಕೊಳ್ಳಲಿಲ್ಲ.

ನಿಮ್ಮ ರಾಧಾ